ಫೋನ್ ಹೊಸದು, ಪ್ಲಾನ್ ಹಳೆಯದೇ ಇರಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ: ಹೊಸ ಫೋನ್ ಬೇಕು, ಆದರೆ ಕಡಿಮೆ ದುಡ್ಡಿನ ಹಳೆಯ ಪ್ಲಾನ್ ಕೈತಪ್ಪಬಾರದು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಪ್ಲಾನ್ ಇರುವುದು ಫೋನಿನಲ್ಲಲ್ಲ, ಸಿಮ್‌ ಕಾರ್ಡಿನಲ್ಲೂ ಅಲ್ಲ. ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ನಂಬರಿನ ಮುಂದೆ ಬರೆದಿಟ್ಟ ಲೆಕ್ಕ ಅದು. ಫೋನ್ ಬದಲಿಸಿದರೆ ಆ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಈ ಮಾತಿಗೆ ಒಂದು ದೊಡ್ಡ ಅಪವಾದವಿದೆ, ಮೊದಲ ಪತ್ರವೇ ಅದರದು.

ಪ್ರಶ್ನೆ: ನಮ್ಮ ಅವ್ವನ ಕಡೆ ಜಿಯೊಭಾರತ್ ಕೀಪ್ಯಾಡ್ ಫೋನ್ ಐತ್ರಿ. 123 ರೂಪಾಯಿ ಹಾಕಿದ್ರ 28 ದಿನ ನಡೀತೈತಿ. ಪುಣೆದಾಗಿರೋ ಮೊಮ್ಮಕ್ಕಳ ಮಾರಿ ನೋಡಾಕ ಆಕಿಗೊಂದು ದೊಡ್ಡ ಫೋನ್ ಕೊಡಸೂಣು ಅಂತ ಮಾಡೇವಿ. ಅದ ಸಿಮ್ ಹಾಕಿದ್ರ ಅದ 123ರ ಪ್ಲಾನ್ ನಡೀತೈತೇನ್ರಿ?
(ಬಸವನ ಬಾಗೇವಾಡಿ)

ಉತ್ತರ: ನಡೆಯುವುದಿಲ್ಲ. 123 ರೂಪಾಯಿಯದು ಜಿಯೊಭಾರತ್ ಫೋನಿಗೆಂದೇ ಇರುವ ಪ್ಲಾನ್. ಹಳೆಯ ಜಿಯೊಫೋನಿನ 895 ರೂಪಾಯಿಯ ಪ್ಲಾನೂ ಇದೇ ಜಾತಿಯದು. ಸಿಮ್ ಯಾವ ಫೋನಿನಲ್ಲಿದೆ ಎಂಬುದು ನೆಟ್‌ವರ್ಕ್‌ಗೆ ಐಎಂಇಐ ಸಂಖ್ಯೆಯಿಂದ, ಅಂದರೆ ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆಯಿಂದ, ಗೊತ್ತಾಗುತ್ತದೆ. ಸ್ಮಾರ್ಟ್‌ಫೋನಿಗೆ ಹಾಕಿದ ಮೇಲೆ ಆ ಪ್ಲಾನಿನ ಸವಲತ್ತು ಸಿಗುವುದಿಲ್ಲ, ಸಾಮಾನ್ಯ ಪ್ಲಾನ್ ಹಾಕಿಸಬೇಕಾಗುತ್ತದೆ. ಆದ್ದರಿಂದ ಹೊಸ ಫೋನ್ ಬಂದ ದಿನವೇ ಸಿಮ್ ಕಿತ್ತು ಹಾಕಬೇಡಿ. ಕೈಯಲ್ಲಿರುವ 28 ದಿನ ಮುಗಿಯಲಿ, ಆಮೇಲೆ ಬದಲಿಸಿ. ಇಲ್ಲದಿದ್ದರೆ ಉಳಿದ ದಿನಗಳು ಹಾಗೇ ಹೋಗುತ್ತವೆ.

ಖರ್ಚು ಎಷ್ಟು ಏರುತ್ತದೆ ನೋಡೋಣ. ಜಿಯೊಭಾರತ್‌ನ ವರ್ಷದ ಪ್ಲಾನ್ 336 ದಿನಕ್ಕೆ 1,234 ರೂಪಾಯಿ. ಇಂಟರ್ನೆಟ್ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್ ಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅದರಂತೆ 2025ರ ಜನವರಿಯಲ್ಲಿ ಜಿಯೊ 84 ದಿನಕ್ಕೆ 448, 336 ದಿನಕ್ಕೆ 1,748 ರೂಪಾಯಿಯ ಪ್ಲಾನ್ ತಂದಿತು. ಏರ್‌ಟೆಲ್‌ನದು 84 ದಿನಕ್ಕೆ 469, 365 ದಿನಕ್ಕೆ 1,849. ಇವು ಆ ಜನವರಿಯ ಬೆಲೆಗಳು, ಹಾಕಿಸುವ ದಿನ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಿ. ಪ್ಲಾನ್ ಹೋಲಿಸುವಾಗ ಮೇಲಿನ ಬೆಲೆ ನೋಡದೆ ದಿನಕ್ಕೆಷ್ಟು ಬಿತ್ತು ಎಂದು ಭಾಗಿಸಿ: 123 ಭಾಗಿಸು 28 ಅಂದರೆ ದಿನಕ್ಕೆ 4 ರೂಪಾಯಿ 39 ಪೈಸೆ, 1,748 ಭಾಗಿಸು 336 ಅಂದರೆ 5 ರೂಪಾಯಿ 20 ಪೈಸೆ. ಮನೆಯಲ್ಲಿ ವೈಫೈ ಇದ್ದರೆ ಅವ್ವನವರಿಗೆ ಈ 1,748ರ ಪ್ಲಾನೇ ಸಾಕು. ಕರೆ ಸಿಮ್‌ನಲ್ಲಿ, ವಿಡಿಯೊ ವೈಫೈನಲ್ಲಿ. ವರ್ಷದ ಪ್ಲಾನಿಗೆ ವರ್ಷದ ಪ್ಲಾನ್ ಇಟ್ಟು ನೋಡಿದರೆ ಹೆಚ್ಚುವರಿ 514 ರೂಪಾಯಿ.

ಅಂಗಡಿಗಳಲ್ಲಿ ಒಂದು ಉಪಾಯ ಹೇಳುತ್ತಾರೆ: ಸಿಮ್ ಕೀಪ್ಯಾಡ್ ಫೋನಿನಲ್ಲೇ ಇರಲಿ, ಒಟಿಪಿ ಅಲ್ಲಿ ಬರಲಿ, ವಾಟ್ಸ್‌ಆ್ಯಪ್ ಮಾತ್ರ ದೊಡ್ಡ ಫೋನಿನಲ್ಲಿ ತೆರೆಯಿರಿ ಎಂದು. ಇಷ್ಟು ದಿನ ಅದು ನಡೆಯುತ್ತಿತ್ತು. ಆದರೆ ನಂಬರಿನ ಸಿಮ್ ಇರುವ ಫೋನಿನಲ್ಲಿ ಮಾತ್ರ ಇಂಥ ಆ್ಯಪ್‌ಗಳು ನಡೆಯುವಂತೆ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚಿಸಿದೆ. ಆ ಉಪಾಯ ನಂಬಿ ಫೋನ್ ಕೊಳ್ಳುವುದು ಬೇಡ.

ಪ್ರಶ್ನೆ: 5ಜಿ ಫೋನ್ ತಗೊಂಡ್ರ 5ಜಿ ಸಿಮ್ ಬೇಕು, ಪ್ಲಾನೂ ದೊಡ್ಡದು ಹಾಕಿಸಬೇಕು, ಇಲ್ಲಾಂದ್ರ ಫೋನ್ ಸರಿಯಾಗಿ ನಡೆಯಂಗಿಲ್ಲ ಅಂತ ಅಂಗಡಿಯವರು ಅಂತಾರ. ಖರೇ ಏನ್ರಿ?
(ನವನಗರ, ಬಾಗಲಕೋಟೆ)

ಉತ್ತರ: ಸಿಮ್‌ನ ಮಾತು ಸುಳ್ಳು. ಜಿಯೊ, ಏರ್‌ಟೆಲ್‌ನ 4ಜಿ ಸಿಮ್ 5ಜಿ ಫೋನಿನಲ್ಲಿ ಹಾಗೆಯೇ ನಡೆಯುತ್ತದೆ. ಪ್ಲಾನಿನ ಮಾತು ಅರ್ಧ ನಿಜ. 2024ರ ಜುಲೈನಲ್ಲಿ ದರ ಏರಿದಾಗಿನಿಂದ ಮಿತಿಯಿಲ್ಲದ 5ಜಿ ಸಿಗುವುದು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನ್‌ಗಳಿಗೆ. ನಿಮ್ಮದು 1 ಅಥವಾ 1.5 ಜಿಬಿಯ ಪ್ಲಾನ್ ಆಗಿದ್ದರೆ ಫೋನ್ 4ಜಿಯಲ್ಲಿ ಕೆಲಸ ಮಾಡುತ್ತದೆ, ಕೆಡುವುದೇನೂ ಇಲ್ಲ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆದ್ಯತೆಯ ನೆಟ್‌ವರ್ಕ್ 4ಜಿ ಎಂದು ಇಟ್ಟುಬಿಡಿ. ಸಿಗದ 5ಜಿ ಹುಡುಕುತ್ತ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ.

ಸಣ್ಣ ಪ್ಲಾನ್ ಸಾಲುವುದಿಲ್ಲ ಎಂದು ಜನರಿಗೆ ಅನಿಸುವುದು ಮೊದಲ ಎರಡು ದಿನಗಳಲ್ಲಿ. ಹೊಸ ಫೋನ್ ಚಾಲೂ ಮಾಡಿದ ಕೂಡಲೇ ಸಿಸ್ಟಂ ಅಪ್‌ಡೇಟ್, ನಲವತ್ತೈವತ್ತು ಆ್ಯಪ್‌ಗಳ ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲ ಒಟ್ಟಿಗೆ ಎಳೆಯುತ್ತವೆ. ದಿನದ 1.5 ಜಿಬಿ ಮಧ್ಯಾಹ್ನಕ್ಕೇ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ಅಂಗಡಿಯವರ ಮಾತೇ ಖರೆ ಎನಿಸಿ ದೊಡ್ಡ ಪ್ಲಾನ್ ಹಾಕಿಸುತ್ತಾರೆ. ಹಾಗೆ ಮಾಡದೆ ಮೊದಲ ದಿನ ಯಾರದಾದರೂ ಮನೆಯ ವೈಫೈ ಬಳಸಿ. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ವೈಫೈ ಇದ್ದಾಗ ಮಾತ್ರ ಎಂದಿಡಿ, ಫೋಟೊ ಬ್ಯಾಕಪ್‌ಗೂ ಹಾಗೆಯೇ, ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿ. ವಾರ ಕಳೆದ ಮೇಲೂ ಸಾಲದಿದ್ದರೆ ಆಗ ಪ್ಲಾನ್ ಏರಿಸುವ ಯೋಚನೆ ಮಾಡಿ.

ಪ್ರಶ್ನೆ: ಹದಿಮೂರು ವರ್ಷದ ಬಿಎಸ್‌ಎನ್‌ಎಲ್ ಸಿಮ್, ದೊಡ್ಡ ಸೈಜಿನದು. ಹೊಸ ಫೋನಿಗೆ ಸಣ್ಣದು ಬೇಕಂತ. ಕಟ್ ಮಾಡಿಸಿ ಹಾಕಿದ್ರ ಹಳೇ ಪ್ಲಾನ್ ಉಳೀತೈತಿ, ಬದಲಿ ಸಿಮ್ ತಗೊಂಡ್ರ ಹೋಗತೈತಿ ಅಂತ ಒಬ್ಬರು ಹೇಳಿದ್ರು.
(ಮುಧೋಳ)

ಉತ್ತರ: ಆ ಮಾತು ತಲೆಕೆಳಗಾಗಿದೆ. ಬದಲಿ ಸಿಮ್ ತೆಗೆದುಕೊಂಡರೆ ನಂಬರ್, ಪ್ಲಾನ್, ಬ್ಯಾಲೆನ್ಸ್ ಮೂರೂ ಉಳಿಯುತ್ತವೆ. ಕತ್ತರಿಸಿದರೆ ಸಿಮ್ಮೂ ಹೋಗಬಹುದು, ಫೋನಿನ ಟ್ರೇಯೂ ಹೋಗಬಹುದು. ಹಳೆಯ ಸಿಮ್ 25 ಮಿಲಿಮೀಟರ್ ಉದ್ದ, 15 ಅಗಲ, 0.76 ದಪ್ಪ. ಈಗಿನ ಫೋನಿಗೆ ಬೇಕಾದ ಸಣ್ಣ ಸಿಮ್, ಅಂದರೆ ನ್ಯಾನೊ ಸಿಮ್, 12.3 ಉದ್ದ, 8.8 ಅಗಲ, 0.67 ದಪ್ಪ. ಕಟರ್ ಉದ್ದ-ಅಗಲ ಕತ್ತರಿಸುತ್ತದೆ, ದಪ್ಪ ಇಳಿಸುವುದಿಲ್ಲ. ಆ ಒಂಬತ್ತು ನೂರಾಂಶ ಮಿಲಿಮೀಟರೇ ಟ್ರೇ ಒಳಗೆ ಸಿಕ್ಕಿಕೊಳ್ಳುವುದು. ಜೊತೆಗೆ ಹಳೆಯ ಸಿಮ್‌ನ ಚಿಪ್ ದೊಡ್ಡದು, ಬ್ಲೇಡು ಅದಕ್ಕೇ ತಾಗಿದರೆ ಸಿಮ್ ಅಲ್ಲಿಗೆ ಮುಗಿಯಿತು.

ಇನ್ನೊಂದು ಮುಖ್ಯ ಕಾರಣ: ಅಷ್ಟು ಹಳೆಯ ಸಿಮ್ 2ಜಿ ಅಥವಾ 3ಜಿಯದು. ಹೊಸ ಫೋನಿಗೆ ಹಾಕಿದರೂ 4ಜಿ ಹಿಡಿಯುವುದಿಲ್ಲ. ಆಧಾರ್ ಮತ್ತು ಹಳೆಯ ಸಿಮ್ ತೆಗೆದುಕೊಂಡು ಬಿಎಸ್‌ಎನ್‌ಎಲ್ ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ 4ಜಿ ಸಿಮ್ ಕೇಳಿ. ಬೆರಳಚ್ಚು ಕೊಡಬೇಕಾಗುತ್ತದೆ, ಆದ್ದರಿಂದ ನಂಬರ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು. ಎಷ್ಟೋ ಮನೆಗಳಲ್ಲಿ ತಂದೆಯ ಹೆಸರಿನ ಸಿಮ್ ಮಗನ ಕೈಯಲ್ಲಿರುತ್ತದೆ, ಕೆಲಸ ನಿಲ್ಲುವುದು ಅಲ್ಲಿಯೇ. ಹಳೆಯ ಸಿಮ್‌ನಲ್ಲಿ ಉಳಿಸಿಟ್ಟ ಹೆಸರು-ನಂಬರ್‌ಗಳು ಹೊಸ ಸಿಮ್‌ಗೆ ಬರುವುದಿಲ್ಲ. ಹೊರಡುವ ಮುಂಚೆ ಅವನ್ನು ಫೋನಿಗೋ ಗೂಗಲ್ ಖಾತೆಗೋ ನಕಲು ಮಾಡಿಕೊಳ್ಳಿ.

ಬಿಎಸ್‌ಎನ್‌ಎಲ್ 4ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ಫೋನ್ ಕೊಳ್ಳುವಾಗ ಪೆಟ್ಟಿಗೆ ಅಥವಾ ಕಂಪನಿಯ ಪುಟದಲ್ಲಿ 4ಜಿ ಬ್ಯಾಂಡ್ 28 ಮತ್ತು ಬ್ಯಾಂಡ್ 1 ಎರಡೂ ಇವೆಯೇ ನೋಡಿ. 28 ಅಂದರೆ 700. ಹೊಲ, ಗುಡ್ಡ, ದಪ್ಪ ಗೋಡೆಯ ಮನೆಗಳಲ್ಲಿ ದೂರದ ಟವರಿನಿಂದ ಬಂದು ಮುಟ್ಟುವುದು ಅದೇ. ಬಾದಾಮಿಯ ಕಲ್ಲುಗುಡ್ಡದ ಸಂದಿಯಲ್ಲಿ, ಖಾನಾಪುರದ ಕಾಡಿನ ಊರುಗಳಲ್ಲಿ ಇರುವವರು ಇದನ್ನು ಬಿಡಲೇಬಾರದು.

ಪ್ರಶ್ನೆ: ಸಂತಿ ದಿನ ಮುಂಜಾನೆ ಸಿಮ್ ಬದಲಿ ಮಾಡಿಸಿ ಹೊಸ ಫೋನಿಗೆ ಹಾಕಿದೆ. ಕರೆ ಬರಾಕತ್ತುವು, ಆದ್ರ ಫೋನ್‌ಪೇ ಚಾಲೂ ಆಗಲಿಲ್ಲ, ಬ್ಯಾಂಕಿನ ಒಟಿಪಿನೂ ಬರಲಿಲ್ಲ. ನಿಂಬಿಹಣ್ಣಿನ ರೊಕ್ಕ ಕೊಡೂದು ನಿಂತಿತು. ಹಳೇ ಪ್ಲಾನ್ ಕಟ್ ಮಾಡ್ಯಾರೇನು?
(ಇಂಡಿ)

ಉತ್ತರ: ಪ್ಲಾನ್ ಕಟ್ ಆಗಿಲ್ಲ. ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇದು ಬೇಕೆಂದೇ ಮಾಡಿದ ತಡೆ. ಕಳ್ಳರು ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆದು ಒಟಿಪಿ ಹಿಡಿದು ಖಾತೆ ಬರಿದು ಮಾಡಬಾರದು ಎಂಬುದು ಉದ್ದೇಶ. ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ನೋಂದಣಿಯಾಗಲು ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ಅದೇ ನಿಂತಿದ್ದಾಗ ಆ್ಯಪ್ ಹೇಗೆ ಚಾಲೂ ಆದೀತು? ಹತ್ತು ಸಲ ಒತ್ತಿದರೆ ಆ್ಯಪ್ ಇನ್ನಷ್ಟು ಹೊತ್ತು ಬಾಗಿಲು ಹಾಕಿಕೊಳ್ಳುತ್ತದೆ ಅಷ್ಟೆ.

ಕ್ರಮ ಹೀಗಿರಲಿ. ಸಿಮ್ ಬದಲಿಸುವುದನ್ನೂ ಫೋನ್ ಬದಲಿಸುವುದನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಹೊಸ ಸಿಮ್ ಹಳೆಯ ಫೋನಿಗೆ ಹೊಂದುವುದಾದರೆ ಮೊದಲು ಅದರಲ್ಲೇ ಹಾಕಿ ಒಂದು ದಿನ ಬಿಡಿ. ನ್ಯಾನೊ ಸಿಮ್ ಬಿಡಿಸುವಾಗ ಸುತ್ತಲಿನ ಚೌಕಟ್ಟು ಎಸೆಯದಿದ್ದರೆ ಹಳೆಯ ದೊಡ್ಡ ಜಾಗಕ್ಕೂ ಅದು ಕೂರುತ್ತದೆ. ಮರುದಿನ ಎಸ್‌ಎಂಎಸ್ ಹೋಗಿ ಬರುವುದನ್ನು ಪರೀಕ್ಷಿಸಿ, ಆಮೇಲೆ ಹೊಸ ಫೋನಿಗೆ ಹಾಕಿ. ಆಗ ಮೊದಲು ವಾಟ್ಸ್‌ಆ್ಯಪ್: ಎರಡೂ ಆಂಡ್ರಾಯ್ಡ್ ಆಗಿದ್ದರೆ ಹಳೆಯ ಫೋನಿನ ವಾಟ್ಸ್‌ಆ್ಯಪ್ ಸೆಟ್ಟಿಂಗ್‌ನ ಚಾಟ್ಸ್ ವಿಭಾಗದಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಲ್ಲವನ್ನೂ ನೇರ ಸಾಗಿಸಬಹುದು. ಆಮೇಲೆ ಯುಪಿಐ. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನೇ ಆರಿಸಿ. ಹೊಸ ಫೋನಿನಲ್ಲಿ ನೋಂದಣಿಯಾದ ಮೊದಲ 24 ಗಂಟೆ ಯುಪಿಐಯಿಂದ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ, ಐಫೋನ್ ಆದರೆ ಈ ಮಿತಿ 72 ಗಂಟೆ. ಒಟ್ಟು ಎರಡು ದಿನದ ಕೆಲಸ ಎಂದಿಟ್ಟುಕೊಳ್ಳಿ. ಸಂತೆ, ಮಾಲು ಕಳಿಸುವ ದಿನ, ಕೂಲಿ ಬಟವಾಡೆಯ ದಿನ ಬಿಟ್ಟು ಬೇರೆ ದಿನ ನೋಡಿ, ಕೈಯಲ್ಲಿ ಸ್ವಲ್ಪ ನಗದು ಇರಲಿ.

ಹಳೆಯ ಅಗ್ಗದ ಪ್ಲಾನಿನವರಿಗೆ ಇನ್ನೊಂದು ತೊಡಕು. ಆ ಪ್ಲಾನಿನಲ್ಲಿ ಉಚಿತ ಎಸ್‌ಎಂಎಸ್ ಇಲ್ಲದಿದ್ದರೆ ಯುಪಿಐಯ ಆ ಒಂದು ಎಸ್‌ಎಂಎಸ್‌ಗೆ ಮುಖ್ಯ ಬ್ಯಾಲೆನ್ಸ್‌ನಿಂದ ದುಡ್ಡು ಹೋಗಬೇಕು. ಬ್ಯಾಲೆನ್ಸ್ ಸೊನ್ನೆ ಇದ್ದರೆ ಎಸ್‌ಎಂಎಸ್ ಹೋಗುವುದಿಲ್ಲ, ಆ್ಯಪ್ ಬರೀ ‘ವಿಫಲ’ ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಹತ್ತು ರೂಪಾಯಿಯ ಟಾಕ್‌ಟೈಮ್ ಹಾಕಿಸಿದರೆ ಸಾಕು. ಅದಕ್ಕಾಗಿ ಪ್ಲಾನ್ ಬದಲಿಸಬೇಕಿಲ್ಲ.

ಪ್ರಶ್ನೆ: ನಮ್ಮೂರು ಗಡಿಯೊಳಗೈತಿ. ಹೊಸ ಫೋನ್‌ದಾಗ ಮ್ಯಾಲೆ ಆರ್ ಅಂತ ತೋರಸತೈತಿ, ಬ್ಯಾಲೆನ್ಸ್ ಕರಗತೈತಿ. ರೀಚಾರ್ಜ್ ಆ್ಯಪ್ ಮಹಾರಾಷ್ಟ್ರದ ಪ್ಲಾನ್ ತೋರಸತೈತಿ. ನನ್ನ ಹಳೇ ಸೆಕೆಂಡ್ ಲೆಕ್ಕದ ಪ್ಲಾನ್ ಎಲ್ಲಿ ಹೋತು?
(ಕಾಗವಾಡ)

ಉತ್ತರ: ಎಲ್ಲೂ ಹೋಗಿಲ್ಲ. ಹೊಸ ಫೋನಿಗೆ ಮಿರಜ್ ಕಡೆಯ ಟವರ್ ಬಲವಾಗಿ ಸಿಕ್ಕಿದೆ. ನಿಮ್ಮ ಸಿಮ್ ಕರ್ನಾಟಕ ವಲಯದ್ದು, ಆ ಟವರ್ ಮಹಾರಾಷ್ಟ್ರ ವಲಯದ್ದು, ಹಾಗಾಗಿ ರೋಮಿಂಗ್. ಈಗಿನ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ರೋಮಿಂಗ್ ಒಳಗೇ ಸೇರಿರುವುದರಿಂದ ಹೆಚ್ಚಿನವರಿಗೆ ಇದರ ಅರಿವೇ ಆಗುವುದಿಲ್ಲ. ಸೆಕೆಂಡ್ ಲೆಕ್ಕದ ಹಳೆಯ ಪ್ಲಾನ್‌ಗಳಲ್ಲಿ ಮಾತ್ರ ಪೆಟ್ಟು ಬೀಳುತ್ತದೆ. ಟ್ರಾಯ್ 2015ರಲ್ಲಿ ಗೊತ್ತುಮಾಡಿದ ಗರಿಷ್ಠ ರೋಮಿಂಗ್ ದರ ಹೀಗಿದೆ: ಸ್ಥಳೀಯ ಹೊರಕರೆಗೆ ನಿಮಿಷಕ್ಕೆ 80 ಪೈಸೆ, ಎಸ್‌ಟಿಡಿಗೆ 1 ರೂಪಾಯಿ 15 ಪೈಸೆ, ಒಳಕರೆಗೆ 45 ಪೈಸೆ. ಬಂದ ಕರೆ ಎತ್ತಿದರೂ ಬ್ಯಾಲೆನ್ಸ್ ಕರಗುವುದು ಹೀಗೆ.

ನೆಟ್‌ವರ್ಕ್ ಆಯ್ಕೆಯನ್ನು ಸ್ವಯಂಚಾಲಿತದಿಂದ ತೆಗೆದು ಕೈಯಿಂದ ಆರಿಸಿ. ಪಟ್ಟಿಯಲ್ಲಿ ಒಂದೇ ಕಂಪನಿಯ ಹೆಸರು ಎರಡು ಸಲ ಬರಬಹುದು. ಒಂದನ್ನು ಆರಿಸಿ ನೋಡಿ, ಆರ್ ಗುರುತು ಹೋದರೆ ಅದೇ ನಮ್ಮದು. ಊರು ಬಿಟ್ಟು ದೂರ ಹೋಗುವಾಗ ಮತ್ತೆ ಸ್ವಯಂಚಾಲಿತಕ್ಕೆ ತನ್ನಿ, ಮರೆತರೆ ಸಿಗ್ನಲ್ಲೇ ಇರುವುದಿಲ್ಲ. ಡೇಟಾ ರೋಮಿಂಗ್ ಗುಂಡಿ ಅನ್‌ಲಿಮಿಟೆಡ್ ಪ್ಲಾನಿನವರಿಗೆ ಆನ್ ಇರಲಿ, ಇಲ್ಲದಿದ್ದರೆ ಅರ್ಧ ಊರಿನಲ್ಲಿ ಇಂಟರ್ನೆಟ್ ನಿಲ್ಲುತ್ತದೆ. ನಿಮ್ಮಂಥ ಹಳೆಯ ಪ್ಲಾನಿನವರಿಗೆ ಆಫ್ ಇರಲಿ. ರೀಚಾರ್ಜ್ ಮಾಡುವಾಗ ವಲಯ ‘ಕರ್ನಾಟಕ’ ಎಂದು ನೀವೇ ಆರಿಸಿ. ಮಹಾರಾಷ್ಟ್ರದ ಪಟ್ಟಿಯಿಂದ ಹಾಕಿದರೆ ರೀಚಾರ್ಜ್ ವಿಫಲವಾಗಬಹುದು.

ಪ್ಯಾಕ್ ಇಲ್ಲದೆ ಇಂಟರ್ನೆಟ್‌ಗೆ ದುಡ್ಡು ಹೋಗುತ್ತಿದ್ದರೆ ಇಂಗ್ಲಿಷ್‌ನಲ್ಲಿ ಸ್ಟಾಪ್ ಎಂದು ಬರೆದು 1925ಕ್ಕೆ ಎಸ್‌ಎಂಎಸ್ ಕಳಿಸಿ, ಕಂಪನಿಯ ಕಡೆಯಿಂದಲೇ ಡೇಟಾ ಬಂದ್ ಆಗುತ್ತದೆ.

ಪ್ರಶ್ನೆ: ಹಳೆಯ ಪೋಸ್ಟ್‌ಪೇಯ್ಡ್ ಪ್ಲಾನ್ ಇದೆ. ಕಂತಿನಲ್ಲಿ ಫೋನ್ ಕೊಳ್ಳಲು ಹೋದಾಗ ಮಾರಾಟಗಾರರು ಒಟಿಪಿ ಕೇಳಿದರು. ಮುಂದಿನ ಬಿಲ್‌ನಲ್ಲಿ ಬೇರೆ ಪ್ಲಾನ್ ಇತ್ತು. ಹಳೆಯದಕ್ಕೆ ಮರಳಬಹುದೇ?
(ಟಿಳಕವಾಡಿ, ಬೆಳಗಾವಿ)

ಉತ್ತರ: ಬೇಗ ಓಡಿದರೆ ಸಾಧ್ಯತೆ ಇದೆ. ಕಂತಿನ ಸಾಲ ಕೊಡುವುದು ಹಣಕಾಸು ಕಂಪನಿ, ಮೊಬೈಲ್ ಪ್ಲಾನಿಗೂ ಅದಕ್ಕೂ ಸಂಬಂಧವಿಲ್ಲ. ಒಟಿಪಿ ಬಂದ ಸಂದೇಶದಲ್ಲೇ ಅದು ಯಾತಕ್ಕೆ ಎಂದು ಬರೆದಿರುತ್ತದೆ: ಸಾಲದ ಒಪ್ಪಿಗೆ, ಪ್ಲಾನ್ ಬದಲಾವಣೆ, ಸಿಮ್ ಬದಲಾವಣೆ. ಆರು ಅಂಕಿ ಓದಿ ಹೇಳುವ ಮೊದಲು ಮೇಲಿನ ಸಾಲು ಓದಬೇಕು. ಆ ಸಂದೇಶ ಅಳಿಸಿರದಿದ್ದರೆ ಈಗ ಅದೇ ನಿಮ್ಮ ಸಾಕ್ಷಿ.

198ಕ್ಕೆ ಕರೆ ಮಾಡಿ ‘ನನ್ನ ಒಪ್ಪಿಗೆ ಇಲ್ಲದೆ ಪ್ಲಾನ್ ಬದಲಾಗಿದೆ’ ಎಂದೇ ದೂರು ಬರೆಸಿ, ದೂರಿನ ಸಂಖ್ಯೆ ಪಡೆಯಿರಿ. 121 ಬರೀ ವಿಚಾರಣೆಗೆ. ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟ್ರಾಯ್ ಬಿಡಿ ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿ. ಒಂದು ಕಹಿ ಸತ್ಯವೂ ಇದೆ: ಪ್ಲಾನಿಗೆ ಸೇರಿದ ಮೇಲೆ ಆರು ತಿಂಗಳು ಮಾತ್ರ ಕಂಪನಿ ಅದನ್ನು ನಿಮಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಆಮೇಲೆ ಕಂಪನಿ ಹಳೆಯ ಪ್ಲಾನ್ ಮುಚ್ಚಿದರೆ ಕಾನೂನಿನ ಆಸರೆ ತೆಳ್ಳಗೆ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಫೋನ್ ತಗೊಂಡು ನನ್ನ ಸಿಮ್ ಹಾಕಿದ್ರ ಸಿಗ್ನಲ್ ಇಲ್ಲ. ಹಳೇ ಫೋನಿಗೆ ಹಾಕಿದ್ರ ಸರಿ ಐತಿ. ಪ್ಲಾನ್ ಹಳೇದು ಅಂತ ಹಿಂಗ ಆಗತೈತೇನು?
(ವಿಜಯಪುರ)

ಉತ್ತರ: ಹಳೆಯ ಫೋನಿನಲ್ಲಿ ಸರಿ ಇದೆ ಅಂದ ಮೇಲೆ ಪ್ಲಾನೂ ಸರಿ, ಸಿಮ್ಮೂ ಸರಿ. ಆ ಫೋನಿನ ಐಎಂಇಐ ಬಂದ್ ಆಗಿರಬೇಕು. ಕಳೆದ ಅಥವಾ ಕದ್ದ ಫೋನ್ ಎಂದು ಮಾಲೀಕರು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರು ಕೊಟ್ಟರೆ ದೇಶದ ಎಲ್ಲ ನೆಟ್‌ವರ್ಕ್‌ಗಳಲ್ಲೂ ಅದನ್ನು ತಡೆಯುತ್ತಾರೆ. *#06# ಒತ್ತಿ 15 ಅಂಕಿಯ ಸಂಖ್ಯೆ ತೆಗೆಯಿರಿ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು ಕೆಲಸ ಮಾಡುವ ಫೋನಿನಿಂದ 14422ಕ್ಕೆ ಕಳಿಸಿ. ಕಪ್ಪುಪಟ್ಟಿ, ನಕಲಿ, ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ರಸೀದಿ ಸಮೇತ ಅಂಗಡಿಗೆ ವಾಪಸ್ ಮಾಡಿ. ಇದನ್ನು ದುಡ್ಡು ಕೊಡುವ ಮೊದಲೇ, ಅಂಗಡಿಯ ಕಟ್ಟೆಯ ಮೇಲೆ ನಿಂತೇ ಮಾಡಬೇಕಿತ್ತು.

ಪ್ರಶ್ನೆ: ಹೊಸ ಫೋನಿಗೆ ಹೊಸ ನಂಬರ್ ಹಾಕಿಕೊಂಡೇನಿ. ಹಳೇ ನಂಬರ್ ಬಿಡಾಕ ಮನಸ್ಸಿಲ್ಲ. ಕಡಿಮಿ ಖರ್ಚಿನ್ಯಾಗ ಇಟ್ಟುಕೊಳ್ಳೂದು ಹೆಂಗ?
(ಇಳಕಲ್)

ಉತ್ತರ: ಫೋನಿಗೆ ಎರಡನೇ ಸಿಮ್ ಜಾಗ ಇದ್ದರೆ ಹಳೆಯದನ್ನು ಅಲ್ಲಿಯೇ ಹಾಕಿ, ಡೇಟಾ ಹೊಸದರಲ್ಲಿ, ಸ್ವಯಂಚಾಲಿತ ಡೇಟಾ ಬದಲಾವಣೆ ಆಫ್. ಕೆಲವು ಫೋನ್‌ಗಳಲ್ಲಿ ಎರಡನೇ ಸಿಮ್ ಮತ್ತು ಮೆಮೊರಿ ಕಾರ್ಡಿಗೆ ಒಂದೇ ಜಾಗ, ಎರಡರಲ್ಲಿ ಒಂದು ಮಾತ್ರ. 90 ದಿನ ಏನೂ ಬಳಸದಿದ್ದರೆ ಪ್ರೀಪೇಯ್ಡ್ ನಂಬರ್ ಬಂದ್ ಆಗಬಹುದು. ಆದರೆ ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದೂಡಬೇಕೆಂಬ ನಿಯಮವಿದೆ. ಅದೂ ಇಲ್ಲದಿದ್ದರೆ 15 ದಿನದ ಅವಕಾಶ. ಹೀಗೆ ಉಳಿಯುವುದು ನಂಬರ್ ಮಾತ್ರ, ಪ್ಲಾನಿನ ಅವಧಿ ಮುಗಿದ ಮೇಲೆ ಕರೆಗಳು ನಿಲ್ಲಬಹುದು. ಅದರ ಬದಲು ತಿಂಗಳಿಗೊಂದು ಕರೆಯನ್ನೋ ಎಸ್‌ಎಂಎಸ್ಸನ್ನೋ ಆ ನಂಬರಿನಿಂದ ಮಾಡಿ, ಅವಧಿ ಮುಗಿಯುವ ಎರಡು ದಿನ ಮೊದಲು ಅದೇ ಪ್ಲಾನ್ ಮತ್ತೆ ಹಾಕಿಸಿ. ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದರೆ ನಂಬರ್ ಬರುತ್ತದೆ. ಹಳೆಯ ಪ್ಲಾನ್, ಉಳಿದ ಬ್ಯಾಲೆನ್ಸ್ ಎರಡೂ ಬರುವುದಿಲ್ಲ. ಬದಲಿ ಸಿಮ್ ಪಡೆದು ಏಳು ದಿನ ಆಗದೆ ಪೋರ್ಟಿನ ಕೋಡ್ ಕೂಡ ಸಿಗುವುದಿಲ್ಲ.